ಏನೂ ಸಿಗದಿರಲಿ ಎಂದು ಅಗೆಯುವುದು

ಹೋದ ವರ್ಷ ಮೇ ತಿಂಗಳ ಒಂದು ಬೆಳಿಗ್ಗೆ ಐರ್ಲೆಂಡಿನ ಗಾಲ್ವೇ ಕೌಂಟಿಯ ಒಂದು ಹಳೆಯ ಹಳ್ಳಿಮನೆಯ ಹಿತ್ತಲಲ್ಲಿ ನಿಂತಿದ್ದೆ. ರಾತ್ರಿಯಿಡೀ ಜಿನುಗಿದ ಮಳೆ ಆಗಷ್ಟೇ ನಿಂತಿತ್ತು. ನಮ್ಮ ಕಡೆ ನೆಲ ಅಗೆಯುವ ಯಾವ ಯಂತ್ರ ಬಂದರೂ ಅದಕ್ಕೆ ಜೆಸಿಬಿ ಎಂದೇ ಹೆಸರು. ಅಂಥ ಜೆಸಿಬಿಯ ಮರಿಯೊಂದು ಹುಲ್ಲಿನ ಮೇಲೆ ನಿಂತು ಗುರುಗುಡುತ್ತಿತ್ತು. ಮನೆಯ ಯಜಮಾನರು, ಎಪ್ಪತ್ತೆಂಟು ವರ್ಷದ ರೈತ, ಜೇಬಿನಲ್ಲಿ ಕೈಯಿಟ್ಟುಕೊಂಡು ಹತ್ತಿರ ಬಂದು ಕೇಳಿದರು: "ಏನು ಸಿಗಬಹುದು ಅಂತೀರಿ?"

"ಏನೂ ಸಿಗದಿದ್ದರೆ ಒಳ್ಳೆಯದು," ಎಂದರು ನಮ್ಮ ಡೈರೆಕ್ಟರ್.

"ಹಾಗಾದರೆ ನಾವೆಲ್ಲ ಒಂದೇ ಪಕ್ಷ," ಎಂದು ಅವರು ನಕ್ಕರು.

ನಾನೂ ನಕ್ಕೆ. ಆದರೆ ನಾನು ಆ ಪಕ್ಷದಲ್ಲಿ ಇರಲಿಲ್ಲ. ಏನಾದರೂ ಸಿಗಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಮಣ್ಣು ತುಂಬಿಕೊಂಡು ಹೋಗಲೆಂದು ನಮ್ಮ ವ್ಯಾನಿನ ಹಿಂಬದಿಯಲ್ಲಿ ಮುಚ್ಚಳವಿರುವ ಹತ್ತು ಖಾಲಿ ಡಬ್ಬಿಗಳನ್ನು ತಂದಿದ್ದೆ.

ಐರ್ಲೆಂಡಿನಲ್ಲಿ ನಾನು ಪಿಎಚ್.ಡಿ. ಮಾಡುತ್ತಿದ್ದೇನೆ. ನನ್ನ ವಿಷಯ ಸುಟ್ಟ ಕಾಳು. ಕೇಳಿದವರಿಗೆ ನಗು ಬರುತ್ತದೆ, ಆದರೆ ನಿಜ. ಸಾವಿರದ ಇನ್ನೂರು, ಸಾವಿರದ ಮುನ್ನೂರು ವರ್ಷಗಳ ಹಿಂದೆ ಇಲ್ಲಿನ ರೈತರು ಬಾರ್ಲಿ, ಓಟ್ಸ್ ಬೆಳೆಯುತ್ತಿದ್ದರು. ಮಳೆಯ ಈ ದೇಶದಲ್ಲಿ ಕಾಳು ಬಿಸಿಲಿಗೆ ಒಣಗುವ ಭರವಸೆ ಇರಲಿಲ್ಲವಾದ್ದರಿಂದ ನೆಲದಲ್ಲಿ ಗೂಡು ಮಾಡಿ, ಬೆಂಕಿಯ ಶಾಖದಲ್ಲಿ ಒಣಗಿಸುತ್ತಿದ್ದರು. ಹಾಗೆ ಒಣಗಿಸುವಾಗ ಕೈತಪ್ಪಿ ಸುಟ್ಟು ಕರಿಯಾದ ಕಾಳು ಕೊಳೆಯುವುದಿಲ್ಲ, ಮಣ್ಣಿನಲ್ಲೇ ಉಳಿಯುತ್ತದೆ. ಹಳೆಯ ಕಂದಕದ ಮಣ್ಣನ್ನು ತಂದು ನೀರಿನಲ್ಲಿ ಕದಡಿದರೆ ಮಣ್ಣು ತಳಕ್ಕೆ ಕೂರುತ್ತದೆ, ಕರಿಕಾಳು ತೇಲುತ್ತದೆ. ಅದನ್ನು ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಎಣಿಸುವುದು ನನ್ನ ಕೆಲಸ. ಮೂರನೇ ವರ್ಷ ಮುಗಿಯುತ್ತ ಬಂದಿತ್ತು, ಮಣ್ಣಿನ ಮಾದರಿಗಳು ಸಾಲುತ್ತಿರಲಿಲ್ಲ. ವಾರಕ್ಕೆ 20 ತಾಸು ದುಡಿಯಲು ವೀಸಾ ಬಿಡುತ್ತದೆ. ಆ ಲೆಕ್ಕದಲ್ಲಿ ಖಾಸಗಿ ಪುರಾತತ್ವಜ್ಞೆಯೊಬ್ಬರಿಗೆ ಸಹಾಯಕಿಯಾಗಿ ಹೋಗುತ್ತಿದ್ದೆ. ಬಾಡಿಗೆಗೆ ದುಡ್ಡೂ ಆಯಿತು, ಅದೃಷ್ಟವಿದ್ದರೆ ಮಣ್ಣೂ ಸಿಕ್ಕೀತು ಎಂಬ ಆಸೆ.

ಆ ಮನೆಯ ಹಿತ್ತಲಿನಿಂದ ಸುಮಾರು ನಲವತ್ತು ಮೀಟರ್ ಆಚೆ, ಹೊಲದ ಮಧ್ಯೆ, ದುಂಡನೆಯ ಒಂದು ದಿಣ್ಣೆ ಇದೆ. ಸುತ್ತ ಮಣ್ಣಿನ ಏರಿ, ಏರಿಯ ಹೊರಗೆ ಅರ್ಧ ಮುಚ್ಚಿಹೋದ ಕಂದಕ, ಮೇಲೆ ಮುಳ್ಳಿನ ಗಿಡಗಳು. ಇದಕ್ಕೆ ರಿಂಗ್‌ಫೋರ್ಟ್ ಎನ್ನುತ್ತಾರೆ. ಹೆಸರಿನಲ್ಲಿ ಕೋಟೆ ಇದ್ದರೂ ಇದು ರಾಜರ ಕೋಟೆಯಲ್ಲ, ರೈತರ ಮನೆಯಂಗಳ. ಹೆಚ್ಚಿನವು ಕ್ರಿ.ಶ. 600ರಿಂದ 900ರ ನಡುವಿನವು. ಒಳಗೆ ಒಂದೆರಡು ಮನೆ, ರಾತ್ರಿ ದನ ಕಟ್ಟಲು ಜಾಗ, ಕಳ್ಳರಿಗೂ ತೋಳಗಳಿಗೂ ಅಡ್ಡವಾಗಿ ಏರಿ ಮತ್ತು ಕಂದಕ. ಐರ್ಲೆಂಡಿನಾದ್ಯಂತ ಇಂಥವು ಸುಮಾರು 45,000 ಇದ್ದವೆಂದು ಅಂದಾಜು. ಊರಿನ ಹೆಸರು 'ಲಿಸ್' ಎಂದೋ 'ರಾತ್' ಎಂದೋ ಶುರುವಾದರೆ ಅಲ್ಲಿ ಇಂಥದ್ದೊಂದು ಇತ್ತೆಂದು ತಿಳಿಯಬಹುದು. ಹಳೆಯ ತಲೆಮಾರಿನವರು ಇವನ್ನು ಯಕ್ಷಿಣಿಯರ ಕೋಟೆ ಎಂದು ನಂಬಿ ಅಲ್ಲಿನ ಮುಳ್ಳುಗಿಡವನ್ನೂ ಕಡಿಯುತ್ತಿರಲಿಲ್ಲ. ನಾಗರಕಲ್ಲಿನ ಕಟ್ಟೆಯ ಬೇವಿನ ಮರಕ್ಕೆ ನಮ್ಮೂರಲ್ಲಿ ಯಾರೂ ಕೊಡಲಿ ಹಾಕದ ಹಾಗೆ.

ನಂಬಿಕೆ ಉಳಿಸಿದ್ದನ್ನು ಯಂತ್ರ ಬಿಡಲಿಲ್ಲ. 20ನೇ ಶತಮಾನದ ಎರಡನೇ ಅರ್ಧದಲ್ಲಿ ಹೊಲ ಸಮ ಮಾಡುವ ಭರದಲ್ಲಿ ಎಷ್ಟೋ ದಿಣ್ಣೆಗಳು ನೆಲಸಮವಾದವು. ಈಗ ಉಳಿದ ಪ್ರತಿಯೊಂದೂ ಸರ್ಕಾರಿ ದಾಖಲೆಯಲ್ಲಿದೆ, ನಕ್ಷೆಯಲ್ಲಿ ಅದರ ಸುತ್ತ ಒಂದು ಗೆರೆ ಇದೆ. 1994ರ ಕಾಯ್ದೆಯ ಪ್ರಕಾರ ದಾಖಲಾದ ಸ್ಮಾರಕದ ಜಾಗದಲ್ಲಿ ಏನಾದರೂ ಕೆಲಸ ಮಾಡುವುದಿದ್ದರೆ ಎರಡು ತಿಂಗಳು ಮುಂಚೆ ಲಿಖಿತ ಸೂಚನೆ ಕೊಡಬೇಕು. ಆ ಗೆರೆಯೊಳಗೆ ಮನೆ ವಿಸ್ತರಿಸಲು ಅನುಮತಿ ಕೇಳಿದರೆ ಅನುಮತಿಗೆ ಹಲವು ಸಲ ಒಂದು ಷರತ್ತು ಸೇರುತ್ತದೆ: ಮೊದಲು ಪರೀಕ್ಷಾ ಗುಂಡಿ ತೆಗೆಸಿ. ಅದನ್ನು ಯಾರು ಬೇಕಾದರೂ ತೆಗೆಯುವಂತಿಲ್ಲ. 1930ರ ರಾಷ್ಟ್ರೀಯ ಸ್ಮಾರಕಗಳ ಕಾಯ್ದೆಯಡಿ ಆ ಒಂದು ಕೆಲಸಕ್ಕೆಂದೇ ಪರವಾನಗಿ ಪಡೆದ ಪುರಾತತ್ವಜ್ಞರು ಇರಬೇಕು. ಪರವಾನಗಿ ಯಾರ ಹೆಸರಲ್ಲಿದೆಯೋ ಅವರೇ ಆ ಗುಂಡಿಯ ಡೈರೆಕ್ಟರ್. ಖರ್ಚೆಲ್ಲ ಮನೆಯವರದು.

"ಎರಡು ಕರು ಮಾರಿದೆ ನಿಮಗಾಗಿ," ಎಂದು ಯಜಮಾನರು ತಮಾಷೆಯಾಗಿ ಹೇಳಿದರು. ತಮಾಷೆಯೇನೋ ಹೌದು, ಆದರೆ ಕರು ಮಾರಿದ್ದೂ ನಿಜ.

ಅವರು ನನ್ನನ್ನು ಹೆಸರು ಹಿಡಿದು ಕರೆ ಎಂದರು. ಇಲ್ಲಿ ಎಲ್ಲರೂ ಹಾಗೇ ಕರೆಯುವುದು. ಅಷ್ಟು ವಯಸ್ಸಾದವರ ಹೆಸರು ನನ್ನ ಬಾಯಲ್ಲಿ ಬರಲೇ ಇಲ್ಲ. ದಿನವಿಡೀ ಹೆಸರಿಲ್ಲದೆಯೇ ಮಾತಾಡಿಸಿದೆ. ಮನಸ್ಸಿನಲ್ಲಿ ಅವರು ಅಜ್ಜ. ಇಲ್ಲಿಯೂ ಹಾಗೇ ಬರೆಯುತ್ತೇನೆ.

ಮನೆ ಮೂರು ಕೋಣೆಗಳದ್ದು. ಎರಡಡಿ ದಪ್ಪದ ಕಲ್ಲಿನ ಗೋಡೆ, ಗಾರೆ, ಸುಣ್ಣ. ಮೊದಲು ಹುಲ್ಲಿನ ಚಾವಣಿ ಇತ್ತಂತೆ, ಅಜ್ಜನ ಅಪ್ಪನ ಕಾಲದಲ್ಲಿ ಕಲ್ಲುಹಂಚು ಬಂತು. ಮಲಗುವ ಕೋಣೆ ಅಟ್ಟದಲ್ಲಿ. ಹಿಂದಿನ ವರ್ಷ ಅಜ್ಜಿಗೆ ಲಕ್ವಾ ಹೊಡೆದು ಒಂದು ಮಗ್ಗಲು ಸ್ವಾಧೀನ ತಪ್ಪಿತ್ತು. ಅಟ್ಟ ಹತ್ತುವುದು ಆಗದ ಮಾತು. ಅಡುಗೆಮನೆಯ ಒಲೆಯ ಪಕ್ಕದಲ್ಲೇ ಅವರಿಗೆ ಮಂಚ ಹಾಕಿದ್ದರು. ಮಂಚದ ಹಿಂದೆ ಒಂದು ಪರದೆ, ಪರದೆಯ ಹಿಂದೆ ಕಮೋಡ್ ಕುರ್ಚಿ. ಇರುವ ಬಚ್ಚಲುಮನೆ ಎಷ್ಟು ಇಕ್ಕಟ್ಟೆಂದರೆ ಗಾಲಿಕುರ್ಚಿ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಹಿತ್ತಲ ಕಡೆಗೆ ನೆಲಮಟ್ಟದಲ್ಲಿ ಒಂದು ಮಲಗುವ ಕೋಣೆ, ಒಂದು ದೊಡ್ಡ ಬಚ್ಚಲು ಕಟ್ಟಿಸಬೇಕೆಂದು ಅವರು ಹೊರಟದ್ದು ಇದಕ್ಕೇ.

ಬರುವ ಮುಂಚೆ ನಾವು ಹಳೆಯ ನಕ್ಷೆಗಳನ್ನು ನೋಡಿದ್ದೆವು. ಮೈಲಿಗೆ ಆರು ಇಂಚಿನ ಪ್ರಮಾಣದಲ್ಲಿ ಇಡೀ ಐರ್ಲೆಂಡನ್ನು ಅಳೆದು ಬರೆದ ಮೊದಲ ನಕ್ಷೆಗಳು 1830 ಮತ್ತು 40ರ ದಶಕದವು. ಅದರಲ್ಲಿ ಈ ಜಾಗದಲ್ಲಿ ದುಂಡನೆಯ ದಿಣ್ಣೆ ಸ್ಪಷ್ಟವಾಗಿತ್ತು. ಪಕ್ಕದಲ್ಲಿ ಸಣ್ಣ ಸಣ್ಣ ಆಯತಗಳಾಗಿ ಐದು ಮನೆಗಳಿದ್ದವು. ಸುಮಾರು ಅರವತ್ತು ವರ್ಷಗಳ ನಂತರದ ನಕ್ಷೆಯಲ್ಲಿ ಒಂದೇ ಮನೆ. ನಡುವೆ ಆಲೂಗಡ್ಡೆಯ ಬರ ಬಂದು ಹೋಗಿತ್ತು. 1841ರ ಜನಗಣತಿಯಲ್ಲಿ 81 ಲಕ್ಷವಿದ್ದ ಐರ್ಲೆಂಡಿನ ಜನ 1851ಕ್ಕೆ 65 ಲಕ್ಷಕ್ಕೆ ಇಳಿದಿದ್ದರು. ಸತ್ತವರು ಸತ್ತರು, ಉಳಿದವರು ಹಡಗು ಹತ್ತಿದರು. ಆ ನಾಲ್ಕು ಮನೆಗಳವರು ಏನಾದರೆಂದು ನಕ್ಷೆ ಹೇಳುವುದಿಲ್ಲ. ಉಳಿದ ಒಂದು ಮನೆ ಅಜ್ಜನದು.

ಗುಂಡಿ ತೆಗೆಯುವ ಕೆಲಸ ನೋಡುವವರಿಗೆ ಬೇಸರ ತರಿಸುವಂಥದ್ದು. ಯಂತ್ರಕ್ಕೆ ಹಲ್ಲಿಲ್ಲದ, ಅಗಲವಾದ ಬಕೆಟ್ ಹಾಕಿರುತ್ತಾರೆ. ಹಲ್ಲಿದ್ದರೆ ಮಣ್ಣನ್ನು ಕಿತ್ತು ಕಲಸಿಬಿಡುತ್ತದೆ. ಹಲ್ಲಿಲ್ಲದ್ದು ದೋಸೆ ಕಲ್ಲು ಕೆರೆದ ಹಾಗೆ ತೆಳ್ಳಗೆ ಕೆರೆಯುತ್ತದೆ. ಒಂದು ಸಲಕ್ಕೆ ಒಂದು ಗೇಣಿಗಿಂತ ಕಡಿಮೆ. ಒಬ್ಬರು ಯಂತ್ರದ ಮುಂದೆ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿರಬೇಕು. ನೋಡುವುದು ವಸ್ತುವನ್ನಲ್ಲ, ಬಣ್ಣವನ್ನು. ಮನುಷ್ಯ ಎಂದೋ ಅಗೆದು ಮುಚ್ಚಿದ ನೆಲ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಹಳದಿ ಮಣ್ಣಿನ ನಡುವೆ ಕಪ್ಪು ಪಟ್ಟಿ ಕಂಡರೆ ಅದು ಕಂದಕ, ಕಪ್ಪು ಚುಕ್ಕೆ ಕಂಡರೆ ಕಂಬದ ಕುಳಿ, ಕೆಂಪಗಿದ್ದರೆ ಬೆಂಕಿ. ಕೊನೆಗೆ ಹಿಮಯುಗ ಬಿಟ್ಟುಹೋದ, ಸುಣ್ಣಕಲ್ಲಿನ ತುಂಡುಗಳಿರುವ ಗಟ್ಟಿ ಜೇಡಿ ಬರುತ್ತದೆ. ಯಾರ ಕೈಯೂ ತಾಗದ ಕನ್ನೆಮಣ್ಣು. ಅಲ್ಲಿಗೆ ನಿಲ್ಲಿಸಬೇಕು.

ಮೊದಲ ಗುಂಡಿಯಲ್ಲಿ ಏನೂ ಇರಲಿಲ್ಲ. ಹುಲ್ಲು, ಕಪ್ಪು ಮಣ್ಣು, ಮೊಣಕಾಲು ಆಳಕ್ಕೆ ಕನ್ನೆಮಣ್ಣು. ಮೇಲ್ಮಣ್ಣಿನಲ್ಲಿ ಒಂದಿಷ್ಟು ಪಿಂಗಾಣಿ ಚೂರು, ಬಿಳಿ ಮಣ್ಣಿನ ಹೊಗೆಕೊಳವೆಯ ಒಂದು ತುಂಡು. ಡೈರೆಕ್ಟರ್ ಫೋಟೋ ತೆಗೆದರು, ನಾನು ಅಳತೆ ಬರೆದುಕೊಂಡೆ. ಹನ್ನೊಂದಕ್ಕೆ ಅಜ್ಜ ಚಹಾಕ್ಕೆ ಕರೆದರು.

ಅಡುಗೆಮನೆಯಲ್ಲಿ ಅಜ್ಜಿ ದಿಂಬಿಗೆ ಒರಗಿ ಕೂತಿದ್ದರು. ಮಾತು ತೊದಲುತ್ತಿತ್ತು, ಕಣ್ಣು ಮಾತ್ರ ಚುರುಕು. ನನ್ನನ್ನು ನೋಡಿ ಒಳ್ಳೆಯ ಕೈಯಿಂದ ಬಿಸ್ಕತ್ತಿನ ಡಬ್ಬಿ ತೋರಿಸಿದರು. ಅಷ್ಟರಲ್ಲಿ ಅವರಿಗೆ ಪರದೆಯ ಹಿಂದೆ ಹೋಗಬೇಕಾಯಿತು. ಅದನ್ನು ಹೇಳಲು ಅವರಿಗೆ ಸಂಕೋಚ, ಅರ್ಥಮಾಡಿಕೊಂಡ ಅಜ್ಜನಿಗೆ ನಮ್ಮ ಮುಂದೆ ಸಂಕೋಚ. ನಾವು ಚಹಾದ ಲೋಟ ಹಿಡಿದು ಹೊರಗೆ ಬಂದು ಗೋಡೆಗೆ ಒರಗಿ ನಿಂತೆವು. ಡೈರೆಕ್ಟರ್ ಮೋಡ ನೋಡಿದರು. ನನಗೆ ಆಯಿಯ ನೆನಪಾಯಿತು.

ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ಗದಗ ಸೀಮೆಯ ಒಂದು ಊರಲ್ಲಿ, ಹನ್ನೆರಡನೇ ಶತಮಾನದ ಒಂದು ಗುಡಿಯ ಮಗ್ಗಲಲ್ಲಿ ಅವಳ ಮನೆ. ಗುಡಿಯ ಗೋಡೆಯಿಂದ ಮನೆಯ ಕಟ್ಟೆಗೆ ಮೂವತ್ತು ಹೆಜ್ಜೆ. ಬಳಪದ ಕಲ್ಲಿನಲ್ಲಿ ಕಡೆದ ಕಂಬಗಳ ಸುತ್ತ ನಾನು ಕಣ್ಣಾಮುಚ್ಚಾಲೆ ಆಡಿದ್ದೇನೆ. ಪುರಾತತ್ವ ಓದಬೇಕೆಂಬ ಹುಚ್ಚು ಹತ್ತಿದ್ದೂ ಅಲ್ಲೇ. ಮನೆ ಹಳೇ ಮಾಳಿಗೆಯದು: ಪಡಸಾಲಿ, ಅದರಾಚೆ ದನ ಕಟ್ಟುವ ಅಂಕಣ, ಒಳಗೆ ಅಡುಗೆಮನೆ, ಹಿಂದೆ ಒಂದಿಷ್ಟು ಹಿತ್ತಲು. ಸಂಡಾಸ ಇರಲಿಲ್ಲ. ಆಯಿ ಎಪ್ಪತ್ತು ದಾಟಿದ ಮೇಲೂ ನಸುಕಿನಲ್ಲಿ ಎದ್ದು ಬ್ಯಾಟರಿ ಹಿಡಿದು ಊರ ಹೊರಗೆ ಹೋಗುತ್ತಿದ್ದಳು. "ಗುಡಿ ಮಗ್ಗಲಾಗ ಇರೂದು ಪುಣ್ಯ ಅಂತಿದ್ರು. ಪುಣ್ಯ ಅಂದ್ರ ಇಷ್ಟು ದೂರ ನಡಿಯೂದು ಅಂತ ಯಾರೂ ಹೇಳಿರಲಿಲ್ಲ," ಎನ್ನುತ್ತಿದ್ದಳು.

ಶೌಚಾಲಯ ಕಟ್ಟಿಸಿಕೊಂಡರೆ ಸರ್ಕಾರ 12,000 ರೂಪಾಯಿ ಕೊಡುತ್ತದೆಂದು ಸ್ವಚ್ಛ ಭಾರತದ ಕಾಲದಲ್ಲಿ ಊರೂರಲ್ಲಿ ಸಾರಿದರು. ಆಯಿ ಅದನ್ನು ಕೇಳಿ ಕಾಕಾನಿಗೆ ಹೇಳಿದಳು. ಹಿತ್ತಲಲ್ಲಿ ಆರಡಿ ಎಂಟಡಿಯ ಜಾಗ ಗುರುತು ಮಾಡಿದರು. ಆದರೆ ಗುಡಿ ಸಂರಕ್ಷಿತ ಸ್ಮಾರಕ. ಅದರ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅನುಮತಿ ಬೇಕು, ಅರ್ಜಿ ಇಂಗ್ಲಿಷಿನಲ್ಲಿದ್ದರೆ ಬೇಗ ಆಗುತ್ತದೆ ಎಂದು ಯಾರೋ ಹೇಳಿದರು. ನಾನು ಆಗ ಬಿ.ಎ. ಎರಡನೇ ವರ್ಷ. ಇತಿಹಾಸದ ವಿದ್ಯಾರ್ಥಿನಿ, ಮನೆತನದಲ್ಲಿ ಇಂಗ್ಲಿಷ್ ಬರೆಯಬಲ್ಲ ಮೊದಲ ಹುಡುಗಿ. ಕಾಕಾ ನನ್ನ ಮುಂದೆ ಕಾಗದ ಇಟ್ಟ. ನಾನು ಜಂಬದಿಂದ ಬರೆದೆ: ಈಗಿರುವ ಮನೆಯನ್ನು ಹಿಂಬದಿಗೆ ಆರಡಿ ಎಂಟಡಿ ವಿಸ್ತರಿಸಿ ಬಚ್ಚಲು ಮತ್ತು ಸಂಡಾಸ ಕಟ್ಟಲು ಅನುಮತಿ ಕೊಡಬೇಕು.

ಕೆಲವು ತಿಂಗಳ ಮೇಲೆ ಉತ್ತರ ಬಂತು. ನಿಷೇಧಿತ ಪ್ರದೇಶದಲ್ಲಿ ನಿರ್ಮಾಣಕ್ಕೆ ಅವಕಾಶವಿಲ್ಲ. ಒಂದೇ ಸಾಲು.

ಅದಾದ ಮರುವರ್ಷದ ಮಳೆಗಾಲದಲ್ಲಿ, ನಸುಕಿನ ಕತ್ತಲಲ್ಲಿ, ಓಣಿಯ ಪಾಚಿಗಟ್ಟಿದ ಚಪ್ಪಡಿಯ ಮೇಲೆ ಆಯಿ ಜಾರಿಬಿದ್ದಳು. ಸೊಂಟದ ಎಲುಬು ಮುರಿಯಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಆಮೇಲೆ ಅವಳು ಗದಗಿನಲ್ಲಿ ಕಾಕಾನ ಬಾಡಿಗೆ ಮನೆಗೆ ಬಂದಳು. ಆಕಳನ್ನು ಕೊಟ್ಟುಬಿಟ್ಟರು. ಊರ ಮನೆಗೆ ಬೀಗ ಬಿತ್ತು.

ಆ ಕಾಯ್ದೆಯನ್ನು ನಾನು ಪೂರ್ತಿ ಓದಿದ್ದು ಎಂ.ಎ. ಮಾಡುವಾಗ. 1958ರ ಮೂಲ ಕಾಯ್ದೆ, 2010ರಲ್ಲಿ ಆದ ತಿದ್ದುಪಡಿ. ಗ್ರಂಥಾಲಯದಲ್ಲಿ ಕೂತು 'ನಿರ್ಮಾಣ' ಎಂಬ ಪದದ ವ್ಯಾಖ್ಯೆಗೆ ಬಂದೆ. ಈಗಿರುವ ಕಟ್ಟಡವನ್ನು ಮೇಲಕ್ಕಾಗಲಿ ಪಕ್ಕಕ್ಕಾಗಲಿ ವಿಸ್ತರಿಸುವುದೂ ನಿರ್ಮಾಣವೇ ಎಂದು ಅಲ್ಲಿ ಬರೆದಿದೆ. ಆದರೆ ದುರಸ್ತಿ ಮತ್ತು ನವೀಕರಣ ನಿರ್ಮಾಣವಲ್ಲ. 1992ರ ಜೂನ್ 16ಕ್ಕಿಂತ ಮುಂಚೆಯೇ ಇದ್ದ ಮನೆಯಾದರೆ, ನಿಷೇಧಿತ ಪ್ರದೇಶದಲ್ಲಿದ್ದರೂ, ಇರುವ ಗೋಡೆಗಳೊಳಗೆ ಮಾರ್ಪಾಡು ಮಾಡಲು ಅನುಮತಿ ಕೇಳಬಹುದು. ದನ ಕಟ್ಟುವ ಅಂಕಣವನ್ನೇ ಬಚ್ಚಲು ಮಾಡಿಕೊಳ್ಳುತ್ತೇವೆಂದು ಬರೆದಿದ್ದರೆ ಕೇಳಲಿಕ್ಕೆ ಒಂದು ದಾರಿ ಇತ್ತು. ನಾನು ಕೇಳಿದ್ದು ದಾರಿಯೇ ಇಲ್ಲದ್ದನ್ನು. ಅದೇ ವ್ಯಾಖ್ಯೆಯಲ್ಲಿ ಇನ್ನೂ ಒಂದು ಮಾತಿದೆ: ಸಾರ್ವಜನಿಕ ಶೌಚಾಲಯ ಕಟ್ಟುವುದು ನಿರ್ಮಾಣವಲ್ಲ. ಗುಡಿ ನೋಡಲು ಬರುವವರಿಗಾಗಿ ಆ ನೂರು ಮೀಟರಿನೊಳಗೆ ಶೌಚಾಲಯ ಕಟ್ಟಬಹುದು. ಅಲ್ಲೇ ಹುಟ್ಟಿ ಬೆಳೆದ ಮಂದಿಯ ಹಿತ್ತಲಲ್ಲಿ ಕಟ್ಟುವಂತಿಲ್ಲ. ಪುಟ ಮುಚ್ಚಿ ಹೊರಗೆ ಬಂದು ತುಂಬ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಚಹಾ ಮುಗಿಸಿ ಎರಡನೇ ಗುಂಡಿಗೆ ಬಂದೆವು. ಬಚ್ಚಲುಮನೆ ಬರಬೇಕಾದ ಜಾಗ ಅದು. ನಾಲ್ಕು ಮೀಟರ್ ಹೋಗುವಷ್ಟರಲ್ಲಿ ಡೈರೆಕ್ಟರ್ ಕೈ ಎತ್ತಿದರು. ಯಂತ್ರ ನಿಂತಿತು. ಹಳದಿ ಜೇಡಿಯಲ್ಲಿ, ಗುಂಡಿಯನ್ನು ಅಡ್ಡಹಾಯುವ ಹಾಗೆ, ಕಪ್ಪು ಪಟ್ಟಿಯೊಂದು ಕಾಣಿಸಿತು. ಸುಮಾರು ಒಂದು ಮೀಟರ್ ಅಗಲ, ಸಣ್ಣಗೆ ಬಾಗಿದೆ. ಬಾಗು ದಿಣ್ಣೆಯ ಕಡೆಗೇ.

ನನ್ನ ಎದೆ ಹೊಡೆದುಕೊಳ್ಳತೊಡಗಿತು. ಕೆಲವು ರಿಂಗ್‌ಫೋರ್ಟುಗಳಿಗೆ ಒಂದಕ್ಕಿಂತ ಹೆಚ್ಚು ಕಂದಕಗಳಿರುತ್ತವೆ. ಹೊರಗಿನ ಕಂದಕ ಮುಚ್ಚಿಹೋಗಿ ಮೇಲಿನಿಂದ ಕಾಣದಿರಬಹುದು. ಕಂದಕವೆಂದರೆ ಕಸ, ಕಸವೆಂದರೆ ಬೂದಿ, ಬೂದಿಯೆಂದರೆ ಕಾಳು. ನನ್ನ ಹತ್ತು ಡಬ್ಬಿಗಳು ಸಾಲುವುದಿಲ್ಲ, ಇನ್ನೂ ತರಬೇಕು ಎಂದು ಲೆಕ್ಕ ಹಾಕಿದೆ. ಯಾವ ಅಧ್ಯಾಯದಲ್ಲಿ ಇದನ್ನು ಸೇರಿಸಬೇಕು ಎನ್ನುವವರೆಗೂ ಯೋಚನೆ ಹೋಯಿತು. "ಇದು ಅದೇ ಇರಬೇಕು!" ಎಂದು ಗಟ್ಟಿಯಾಗಿಯೇ ಹೇಳಿಬಿಟ್ಟೆ.

ತಲೆ ಎತ್ತಿದಾಗ ಅಜ್ಜ ಗುಂಡಿಯ ಅಂಚಿನಲ್ಲಿ ನಿಂತಿದ್ದರು. ಅವರು ಮಣ್ಣು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ಹೊರಗೆ ಬಂದಾಗ ಮಂದಿ ನೋಡುತ್ತಾರಲ್ಲ, ಹಾಗಿತ್ತು.

"ಅದು ಅದೇ ಆದರೆ ಮುಂದೇನು?" ಎಂದು ಕೇಳಿದರು.

ಡೈರೆಕ್ಟರ್ ಅವರಿಗೆ ನಿಧಾನವಾಗಿ ವಿವರಿಸಿದರು. ಕೆಲಸ ಇಲ್ಲಿಗೇ ನಿಲ್ಲುತ್ತದೆ. ಸ್ಮಾರಕಗಳ ಇಲಾಖೆಗೆ ತಿಳಿಸಬೇಕು. ಇಲಾಖೆಯವರು ಅದನ್ನು ಹಾಗೇ ಮಣ್ಣಿನಲ್ಲಿ ಉಳಿಸಿ ಎನ್ನಬಹುದು, ಆಗ ಕಟ್ಟಡದ ನಕ್ಷೆ ಬದಲಾಗಬೇಕು. ಇಲ್ಲವೇ ಪೂರ್ತಿ ಉತ್ಖನನ ಮಾಡಿ ದಾಖಲಿಸಿ ಎನ್ನಬಹುದು, ಆಗ ಖರ್ಚು ಎಷ್ಟೋ ಪಟ್ಟು. ಅಜ್ಜ ತಲೆಯಾಡಿಸಿದರು. "ಅಂದರೆ ಈ ಚಳಿಗಾಲಕ್ಕೆ ಆಗೋದಿಲ್ಲ," ಎಂದರು. ಅಡುಗೆಮನೆಯ ಕಿಟಕಿಯ ಕಡೆ ಒಮ್ಮೆ ನೋಡಿದರು. ಅಲ್ಲಿಂದ ಅಜ್ಜಿಗೆ ಗುಂಡಿ ಕಾಣುತ್ತಿತ್ತು.

ಆ ಕ್ಷಣ ನನಗೆ ನಾಚಿಕೆಯಾಯಿತು. ಎಂಟು ವರ್ಷಗಳ ಹಿಂದೆ ಬಂದ ಒಂದು ಸಾಲಿನ ಉತ್ತರವನ್ನು ಬರೆದ, ಮುಖ ಕಾಣದ ಮನುಷ್ಯನನ್ನು ನಾನು ಎಷ್ಟು ಶಪಿಸಿದ್ದೆ! ಅವನಿಗೆ ಗುಡಿ ಕಂಡಿತ್ತು, ಆಯಿ ಕಂಡಿರಲಿಲ್ಲ. ಈಗ ನನಗೂ ಕಪ್ಪು ಪಟ್ಟಿ ಮಾತ್ರ ಕಂಡಿತ್ತು. ಅವನು ಕಡತದ ಮೇಲೆ ಸಹಿ ಹಾಕಿದ್ದ, ನಾನು ಗುಂಡಿಯಲ್ಲಿ ಮೊಣಕಾಲೂರಿ ಕೂತಿದ್ದೆ. ವ್ಯತ್ಯಾಸ ಅಷ್ಟೇ ಎನಿಸಿತು.

ಪಟ್ಟಿಗೆ ಅಡ್ಡಲಾಗಿ ಅರ್ಧ ಮೀಟರ್ ಅಗಲದ ಭಾಗವನ್ನು ಕೈಯಿಂದಲೇ ತೆಗೆಯಲು ಡೈರೆಕ್ಟರ್ ನನಗೆ ಹೇಳಿದರು. ಕರಣಿ ಹಿಡಿದು ಕೂತೆ. ಮೇಲಿನ ಮಣ್ಣು ಸಡಿಲ, ಒದ್ದೆ. ಒಂದು ಗೇಣು ಇಳಿದಾಗ ಕಲ್ಲುಗಳು ಬಂದವು. ಸಾಲಾಗಿ ಇಟ್ಟ, ಮುಷ್ಟಿ ಗಾತ್ರದ ಕಲ್ಲುಗಳು. ಅವುಗಳ ನಡುವೆ ನೀರು ಜಿನುಗುತ್ತಿತ್ತು. ಇನ್ನೂ ಕೆಳಗೆ ತಳದಲ್ಲಿ, ಕಲ್ಲಿನಡಿ ಒತ್ತಿಕೊಂಡು, ನೀಲಿ ಬಿಳಿ ಬಣ್ಣದ ತಟ್ಟೆಯ ಒಂದು ಚೂರು. ಅಚ್ಚೊತ್ತಿದ ನೀಲಿ ಚಿತ್ತಾರದ ಇಂಥ ತಟ್ಟೆಗಳು 19ನೇ ಶತಮಾನದಲ್ಲಿ ಬಡವರ ಮನೆಗೂ ಬಂದಿದ್ದವು. ತಳದಲ್ಲಿ ಅದು ಇದೆಯೆಂದ ಮೇಲೆ ಅದರ ಮೇಲಿನದೆಲ್ಲ ಅದಕ್ಕಿಂತ ಈಚಿನದು. ಇದು ಕಂದಕವಲ್ಲ. ಹೊಲದ ನೀರು ಬಸಿದುಹೋಗಲಿ ಎಂದು ಯಾರೋ ರೈತ ತೋಡಿ, ಕಲ್ಲು ತುಂಬಿ, ಮುಚ್ಚಿದ ಬಸಿಗಾಲುವೆ. ಬಾಗಿದ್ದು ದಿಣ್ಣೆಯ ಕಡೆಗಲ್ಲ, ಇಳಿಜಾರಿನ ಕಡೆಗೆ.

ಚೂರನ್ನು ತೊಳೆದು ಅಜ್ಜನ ಅಂಗೈಮೇಲಿಟ್ಟೆ. "ಕಂದಕ ಅಲ್ಲ, ಕಾಲುವೆ," ಎಂದೆ. ಅವರು ಅದನ್ನು ತಿರುಗಿಸಿ ನೋಡಿದರು. "ನನ್ನ ಮುತ್ತಜ್ಜನದೇ ಇರಬೇಕು. ಈ ಹಿತ್ತಲು ಮೊದಲಿನಿಂದಲೂ ಜವುಗು," ಎಂದರು. ಆಮೇಲೆ ಒಳಗೆ ಹೋದರು. ಕಿಟಕಿಯ ಗಾಜಿನಾಚೆ ಅವರು ಮಂಚದ ಪಕ್ಕ ಬಗ್ಗಿ ಅಜ್ಜಿಗೆ ಅದನ್ನು ತೋರಿಸುವುದು ಕಂಡಿತು.

ಮಧ್ಯಾಹ್ನ ಮೂರರ ಹೊತ್ತಿಗೆ ಗುಂಡಿಗಳನ್ನು ಮುಚ್ಚಿ, ಹುಲ್ಲಿನ ಹೆಪ್ಪುಗಳನ್ನು ಮತ್ತೆ ಹೊಂದಿಸಿಟ್ಟೆವು. ಹತ್ತು ಡಬ್ಬಿಗಳು ಖಾಲಿಯೇ ವಾಪಸಾದವು. ದಾರಿಯಲ್ಲಿ ಡೈರೆಕ್ಟರಿಗೆ ಆಯಿಯ ಮನೆಯ ಕತೆ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ: "ಆ ಆರಡಿ ಎಂಟಡಿಯಲ್ಲಿ ಏನಿತ್ತು? ಯಾರಾದರೂ ನೋಡಿದರೆ?" ಯಾರೂ ನೋಡಿರಲಿಲ್ಲ. ನೋಡಬೇಕೆಂದು ಕಾಯ್ದೆಯೂ ಹೇಳುವುದಿಲ್ಲ. ದೇಶದಲ್ಲಿ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳು ಮೂರೂವರೆ ಸಾವಿರಕ್ಕೂ ಹೆಚ್ಚು. ಕಾಡಿನ ನಡುವಿನ ಒಂಟಿ ಕೋಟೆಗೂ, ಊರ ನಡುವೆ ಮನೆಗಳಿಗೆ ಅಂಟಿಕೊಂಡ ಗುಡಿಗೂ ಕಡಿಮೆಯೆಂದರೆ ಅದೇ 100 ಮೀಟರ್. ಪ್ರತಿ ಸ್ಮಾರಕಕ್ಕೂ ಅದರದೇ ಉಪನಿಯಮ ರೂಪಿಸಬೇಕು ಎಂದು ಅದೇ ತಿದ್ದುಪಡಿಯಲ್ಲಿದೆ. ನಮ್ಮೂರ ಗುಡಿಗೆ ಅಂಥದ್ದೊಂದು ಬಂದದ್ದನ್ನು ನಾವು ಕೇಳಲಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತೂ ಹೇಳಬೇಕು. ಕಾಯ್ದೆ ಇಲ್ಲದ ಕಾಲದಲ್ಲಿ ಏನಾಗುತ್ತಿತ್ತು ಎಂಬುದೂ ನಮ್ಮೂರಲ್ಲಿ ಕಾಣುತ್ತದೆ. ಬಟ್ಟೆ ಒಗೆಯುವ ಕಲ್ಲಿನ ಅಡಿಯಲ್ಲಿ ಹೂಬಳ್ಳಿಯ ಕೆತ್ತನೆ ಇದೆ. ಒಂದು ಮನೆಯ ದನದ ದೋಣಿ ಶಾಸನದ ಕಲ್ಲು. ಆಯಿಯ ಮನೆಯ ಕಟ್ಟೆಯಲ್ಲೇ ಗುಡಿಯ ಕಂಬದ ತುಂಡೊಂದು ಸೇರಿಕೊಂಡಿದೆ. ಕಟ್ಟಬೇಡಿ ಎನ್ನದಿದ್ದರೆ ಇಷ್ಟು ಹೊತ್ತಿಗೆ ಗುಡಿಯ ಸುತ್ತ ಮೂರು ಮಹಡಿಯ ಲಾಡ್ಜುಗಳು ಎದ್ದಿರುತ್ತಿದ್ದವು. ಐರ್ಲೆಂಡಿನ ಪದ್ಧತಿಯೂ ಪುಕ್ಕಟೆಯದಲ್ಲ. ಅಜ್ಜ ಕರು ಮಾರಿದರು, ಆಯಿಗೆ ಇದ್ದದ್ದು ಒಂದೇ ಆಕಳು. ನಮ್ಮಲ್ಲಿ ಇದನ್ನು ತಂದರೆ ಖರ್ಚು ಸರ್ಕಾರವೇ ಹೊರಬೇಕಾಗುತ್ತದೆ. ನಾನು ಕೇಳುವುದು ಇಷ್ಟೇ: ಬೇಡ ಎನ್ನುವ ಮುಂಚೆ ಒಂದು ದಿನ, ಒಂದು ಗುಂಡಿ, ಒಬ್ಬರು ಬಗ್ಗಿ ನೋಡುವವರು. ಆಯಿಯ ಹಿತ್ತಲಲ್ಲಿ ಶಾಸನವೇ ಸಿಕ್ಕಿದ್ದರೆ ಅವಳೇ ಅರಿಶಿನ ಕುಂಕುಮ ಹಚ್ಚಿ ಜಾಗ ಬಿಟ್ಟುಕೊಡುತ್ತಿದ್ದಳು. ಏನೂ ಸಿಗದಿದ್ದರೆ ಅವಳಿಗೊಂದು ಸಂಡಾಸ ಆಗುತ್ತಿತ್ತು.

ಅಂದು ರಾತ್ರಿ ವರದಿಯ ಕರಡು ಬರೆದೆ. ಎರಡು ಗುಂಡಿಗಳ ಅಳತೆ, ಮಣ್ಣಿನ ಬಣ್ಣ, ಬಸಿಗಾಲುವೆ, ಚೂರುಗಳ ಪಟ್ಟಿ. ಕೊನೆಯ ಸಾಲು: ಪುರಾತತ್ವ ಮಹತ್ವದ ಯಾವುದೂ ಕಂಡುಬಂದಿಲ್ಲ. ಇಂಥ ಸಾಲುಗಳನ್ನು ನೂರಾರು ವರದಿಗಳಲ್ಲಿ ಓದಿದ್ದೇನೆ, ಓದಿ ನಿರಾಸೆಯಿಂದ ಪುಟ ತಿರುಗಿಸಿದ್ದೇನೆ. ನನ್ನ ಪ್ರಬಂಧಕ್ಕೆ ಅವು ಬರೀ ಸೊನ್ನೆಗಳು. ಪ್ರತಿ ಸೊನ್ನೆಯ ಹಿಂದೆಯೂ ಯಾರದೋ ಅಡುಗೆಮನೆ, ಯಾರದೋ ಮಂಚ ಇದ್ದಿರಬಹುದೆಂದು ಆವತ್ತಿನವರೆಗೆ ಹೊಳೆದಿರಲಿಲ್ಲ.

ಮರುದಿನ ಭಾನುವಾರ. ಆಯಿಗೆ ವಿಡಿಯೋ ಕಾಲ್ ಮಾಡುವ ದಿನ. ಕಾಕಾನ ಮಗಳು ಫೋನು ಹಿಡಿದಿದ್ದಳು. ಆಯಿ ಪರದೆಗೆ ತೀರ ಹತ್ತಿರ ಬಂದಿದ್ದರಿಂದ ಹಣೆ ಮಾತ್ರ ಕಾಣುತ್ತಿತ್ತು.

"ನಿನ್ನಿ ಎಲ್ಲೋ ಅಗಿಯಾಕ ಹೋಗಿದ್ದೆಂತಲ್ಲ, ಏನ್ ಸಿಕ್ತಬೇ?"

"ಏನೂ ಸಿಗಲಿಲ್ಲ ಆಯಿ. ಒಂದು ಹಳೇ ಕಾಲುವಿ, ಒಂದಿಷ್ಟು ಬಸಿ ಚೂರು." ಆಮೇಲೆ ಅಜ್ಜನ ಬಗ್ಗೆ, ಒಲೆಯ ಪಕ್ಕದ ಮಂಚದ ಬಗ್ಗೆ, ಪರದೆಯ ಬಗ್ಗೆ ಎಲ್ಲ ಹೇಳಿದೆ.

"ಚಲೋ ಆತು ಬಿಡು," ಎಂದಳು ಆಯಿ. "ಪಾಪ, ಆಕಿಗೆ ಬಚ್ಚಲ ಆಕ್ಕೈತಿ."

ಆಗ ಹೇಳಿದೆ. ಇಷ್ಟು ವರ್ಷ ಹೇಳದ್ದನ್ನು. "ಆಯಿ, ನಮ್ಮ ಬಚ್ಚಲದ ಅರ್ಜಿ ನಾನು ತಪ್ಪು ಬರದಿದ್ದೆ. ದನದ ಅಂಕಣದಾಗ ಮಾಡ್ಕೋತೀವಿ ಅಂತ ಬರದಿದ್ರ ಆಗ್ತಿತ್ತೋ ಏನೋ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಫೋನು ದೂರ ಸರಿದಿದ್ದರಿಂದ ಈಗ ಮುಖ ಪೂರ್ತಿ ಕಾಣುತ್ತಿತ್ತು.

"ಗೊತ್ತೈತಿ. ಆಮ್ಯಾಲ ಯಾರೋ ನಿಮ್ಮ ಕಾಕಾಗ ಹೇಳಿದ್ರಂತ. ಆಗ ನಿನಗ ಏನ್ ವಯಸ್ಸು?" ಎಂದಳು. ನಾನು ಮಾತಾಡುವ ಮೊದಲೇ ಮುಂದುವರಿಸಿದಳು: "ಅದಿರ್ಲಿ, ಆ ಮುದುಕಗ ಹೇಳು, ಬಚ್ಚಲಕ್ಕ ಹೊಸ್ತಲ ಇಡಬ್ಯಾಡ್ರಿ ಅಂತ. ಇಲ್ಲಿ ನಿಮ್ಮ ಕಾಕಾನ ಮನ್ಯಾಗ ಇಟ್ಟಾರ, ದಿನಾ ಎಡವತೀನಿ. ವಯಸ್ಸಾದವ್ರ ಕಾಲು ಮ್ಯಾಲ ಏಳೂದಿಲ್ಲ."

ಹೇಳ್ತೀನಿ ಅಂದೆ. ಸೋಮವಾರ ವರದಿ ಕಳಿಸುವಾಗ ಡೈರೆಕ್ಟರಿಗೆ ಇದನ್ನೂ ಬರೆದೆ. ಅವರು ಅಜ್ಜನಿಗೆ ಫೋನು ಮಾಡಿದಾಗ ಹೇಳಿದರಂತೆ. ನಕ್ಷೆಯಲ್ಲಿ ಹೊಸ್ತಿಲು ಇಲ್ಲ, ಆದರೂ ಮೇಸ್ತ್ರಿಗೆ ಇನ್ನೊಮ್ಮೆ ಹೇಳುತ್ತೇನೆ, ಆ ಹುಡುಗಿಯ ಅಜ್ಜಿಗೆ ಥ್ಯಾಂಕ್ಸ್ ಹೇಳಿ ಎಂದರಂತೆ.